ಪಾಪರ್ ಚೀಟಿ ಸಿಕ್ಕಿದ ಮೇಲೆ ಡಿಸ್ಚಾರ್ಜ್ ಬರೋತನಕ ಎಂತ ಮಾಡ್ಬೇಕು

ಕೋರ್ಟಲ್ಲಿ ನನ್ನನ್ನ ದಿವಾಳಿ ಅಂತ ಆರ್ಡರ್ ಮಾಡಿದ ದಿನ ಸಂಜೆ ಊರಿಂದ ಅಮ್ಮ ಫೋನ್ ಮಾಡಿದ್ರು, ನಾನು ಸುಮ್ನೆ ಸಮಾಧಾನಕ್ಕೆ "ಇನ್ನು ಡಿಸ್ಚಾರ್ಜ್ ಒಂದು ಸಿಕ್ಕಿದ್ರೆ ಮುಗೀತಮ್ಮ" ಅಂದೆ. ಅವರಿಗೆ ಡಿಸ್ಚಾರ್ಜ್ ಅಂದ್ರೆ ಆಸ್ಪತ್ರೆದೇ. "ಯಾವ ಆಸ್ಪತ್ರೆ ಮಗಾ, ಯಾವಾಗ ಅಡ್ಮಿಟ್ ಆದೆ, ಹೇಳೋದಿಲ್ವಲ್ಲ ನೀನು" ಅಂತ ಗಾಬರಿಯಾಗಿ ಅಳೋಕೆ ಶುರು ಮಾಡಿದ್ರು, ಅರ್ಧ ಗಂಟೆ ಹಿಡೀತು ಬಿಡಿಸಿ ಹೇಳೋಕೆ. ಆದ್ರೆ ಆಮೇಲೆ ಯೋಚನೆ ಮಾಡಿದ್ರೆ ನಾನೂ ಅದನ್ನ ಆಸ್ಪತ್ರೆ ಡಿಸ್ಚಾರ್ಜ್ ತರಾನೇ ಅಂದ್ಕೊಂಡಿದ್ದೆ, ಮಲ್ಕೊಂಡಿದ್ರೆ ಆಯ್ತು, ಒಂದಿನ ಯಾರೋ ಬಂದು ಇನ್ನು ಮನೆಗೆ ಹೋಗಪ್ಪ ಅಂತಾರೆ ಅಂತ. ಇಲ್ಲಿ ಡಿಸ್ಚಾರ್ಜ್ ಅಂದ್ರೆ ಹಳೇ ಸಾಲದಿಂದ ಬಿಡುಗಡೆ ಅಂತ ಕೋರ್ಟ್ ಕೊಡೋ ಆರ್ಡರ್, ಅದು ಹಾಗೆ ತಾನಾಗಿ ಬರೋದಿಲ್ಲ ಮಾರಾಯ್ರೇ. ಅರ್ಜಿ ನೀವೇ ಹಾಕ್ಬೇಕು, ಅದಕ್ಕೆ ಬೇಕಾದ ಕಾಗದ ನೀವೇ ಕೂಡಿಡ್ಬೇಕು, ಕಾಯೋ ಅಷ್ಟೂ ದಿನ ನೀವು ಹೇಗಿದ್ರಿ ಅನ್ನೋದ್ರ ಮೇಲೇ ಡಿಸ್ಚಾರ್ಜ್ ಸಿಗೋದು.

ನಂದು ಮುಂಬೈಯ ಸಾಕಿನಾಕಾ ಹತ್ರ ಹೋಟೆಲ್, ಸ್ವಂತದ್ದಲ್ಲ, ಕಂಡಕ್ಟಿಂಗ್ ಮೇಲೆ, ಅಂದ್ರೆ ಇನ್ನೊಬ್ಬರ ಹೋಟೆಲನ್ನ ತಿಂಗಳ ಬಾಡಿಗೆಗೆ ತಗೊಂಡು ನಡೆಸ್ತಿದ್ದದ್ದು. ಸುತ್ತ ಆಫೀಸುಗಳು, ಮಧ್ಯಾಹ್ನದ ರೈಸ್ ಪ್ಲೇಟ್ ಮೇಲೇ ಅಂಗಡಿ ನಿಂತಿತ್ತು. 2020ರ ಮಾರ್ಚಲ್ಲಿ ಲಾಕ್‌ಡೌನ್ ಬಂತು, ಆಫೀಸಿನವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡೋಕೆ ಶುರು ಮಾಡಿದ್ರು, ಕಂಡಕ್ಟಿಂಗ್ ಬಾಡಿಗೆ ಮಾತ್ರ ತಿಂಗಳು ತಿಂಗಳು ಓಡ್ತಾನೇ ಇತ್ತು. ಬ್ಯಾಂಕಿನ ಬಿಸ್ನೆಸ್ ಲೋನು, ಎರಡು ಕ್ರೆಡಿಟ್ ಕಾರ್ಡು, ಕಿರಾಣಿಯವ, ತರಕಾರಿಯವ, ಹಾಲಿನವ, ಊರವರ ಹತ್ರ ತಗೊಂಡ ಕೈಸಾಲ, ಎಲ್ಲ ಸೇರಿ 31 ಲಕ್ಷ ಆಯ್ತು. 2022ರಲ್ಲಿ ನಾನೇ ಅರ್ಜಿ ಹಾಕ್ಕೊಂಡೆ. ನಾನು ವಕೀಲ ಅಲ್ಲ, ಹೋಟೆಲ್ ಗಲ್ಲಾದಲ್ಲಿ ಕೂತವ, ಹಾಗಾಗಿ ಇದನ್ನ ಓದಿಕೊಂಡು ವಕೀಲರ ಹತ್ರ ಹೋಗಿ, ಇದನ್ನೇ ವಕೀಲ ಅಂದ್ಕೋಬೇಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಸರ್ಕಾರದ ಉಚಿತ ಕಾನೂನು ಸಹಾಯದ ನಂಬರ್ ಅದು, ಹೆಂಗಸರಿಗಾದ್ರೆ ಆದಾಯ ಎಷ್ಟಿದ್ರೂ ಸಿಗ್ತದೆ.

ಮೊದಲು ಒಂದು ಗೊಂದಲ ಬಿಡಿಸ್ತೇನೆ, ಯಾಕಂದ್ರೆ ಮೊಬೈಲಲ್ಲಿ ಹುಡುಕಿದ್ರೆ "ಒಂದೇ ವರ್ಷದಲ್ಲಿ ಡಿಸ್ಚಾರ್ಜ್" ಅಂತ ಬರ್ತದೆ, ನಾನೂ ಅದನ್ನ ನಂಬಿ ಹೆಂಡತಿಗೆ ಮುಂದಿನ ದೀಪಾವಳಿ ಅಷ್ಟೊತ್ತಿಗೆ ಎಲ್ಲ ಸರಿ ಹೋಗ್ತದೆ ಅಂತ ಹೇಳಿಬಿಟ್ಟಿದ್ದೆ. ಅದು 2016ರ ಹೊಸ ದಿವಾಳಿ ಕಾನೂನು, ಇನ್ಸಾಲ್ವೆನ್ಸಿ ಆಂಡ್ ಬ್ಯಾಂಕ್ರಪ್ಸಿ ಕೋಡ್, ಐಬಿಸಿ ಅಂತಾರಲ್ಲ ಅದು. ಅದರಲ್ಲಿ ಒಬ್ಬೊಬ್ಬ ಮನುಷ್ಯನ ದಿವಾಳಿಗೆ ಸಂಬಂಧಪಟ್ಟ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರೋದು ಕಂಪನಿ ಸಾಲಕ್ಕೆ ಪರ್ಸನಲ್ ಗ್ಯಾರಂಟಿ ಸೈನ್ ಹಾಕಿದವರಿಗೆ ಮಾತ್ರ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಇದ್ದು ಅದರ ಲೋನಿಗೆ ನೀವು ಗ್ಯಾರಂಟಿ ನಿಂತಿದ್ರೆ ನಿಮ್ಮ ದಾರಿ ಬೇರೆ. ನನ್ನ ಹಾಗೆ ಸ್ವಂತ ಹೆಸರಲ್ಲಿ ಹೋಟೆಲ್, ಅಂಗಡಿ, ಟೆಂಪೋ ನಡೆಸಿದವರು, ಸಂಬಳದವರು, ಕ್ರೆಡಿಟ್ ಕಾರ್ಡಲ್ಲಿ ಮುಳುಗಿದವರು, ಇವರಿಗೆಲ್ಲ ಇನ್ನೂ ಬ್ರಿಟಿಷರ ಕಾಲದ ಕಾನೂನೇ. ಮುಂಬೈಯಲ್ಲಿ 1909ರ ಪ್ರೆಸಿಡೆನ್ಸಿ ಟೌನ್ಸ್ ಇನ್ಸಾಲ್ವೆನ್ಸಿ ಆಕ್ಟ್, ಕೇಸು ಬಾಂಬೆ ಹೈಕೋರ್ಟಲ್ಲಿ. ಪುಣೆ, ಠಾಣೆ ಕಡೆಯವರಿಗೆ 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಆಕ್ಟ್, ಅದು ಜಿಲ್ಲಾ ಕೋರ್ಟಲ್ಲಿ. ನನ್ನ ಮನೆ ಡೊಂಬಿವಲಿ, ಅಂದ್ರೆ ಠಾಣೆ ಜಿಲ್ಲೆ, ಆದ್ರೆ ಹೋಟೆಲ್ ಮುಂಬೈ ಒಳಗೆ ಇದ್ದದ್ರಿಂದ ಹೈಕೋರ್ಟೇ ಆಯ್ತು, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಆ ಊರಲ್ಲಿ ವ್ಯಾಪಾರ ನಡೆಸಿದ್ರೂ ಸಾಕು. ಕಾನೂನು ಎಷ್ಟು ಹಳೇದು ಅಂದ್ರೆ ದಿವಾಳಿ ಅರ್ಜಿ ಹಾಕೋಕೆ ಸಾಲ 500 ರೂಪಾಯಿ ಇದ್ರೆ ಸಾಕು ಅಂತ ಇನ್ನೂ ಹಾಗೇ ಉಂಟು. ಈ ಹಳೇ ಕಾನೂನಲ್ಲಿ ಇಷ್ಟು ದಿನಕ್ಕೆ ಡಿಸ್ಚಾರ್ಜ್ ಅಂತ ಯಾವ ಲೆಕ್ಕಾನೂ ಇಲ್ಲ.

ಆರ್ಡರ್ ಆದ ಕೂಡ್ಲೇ ನಿಮ್ಮ ಆಸ್ತಿ ಎಲ್ಲ ಅಫಿಶಿಯಲ್ ಅಸೈನಿ ಅನ್ನೋ ಅಧಿಕಾರಿ ಕೈಗೆ ಹೋಗ್ತದೆ, ಪುಣೆ ಕಡೆ ರಿಸೀವರ್ ಅಂತಾರೆ. ಆವತ್ತಿಂದ 30 ದಿನದೊಳಗೆ ಶೆಡ್ಯೂಲ್ ಕೊಡ್ಬೇಕು, ಅಂದ್ರೆ ಯಾರ್ಯಾರಿಗೆ ಎಷ್ಟು ಕೊಡ್ಬೇಕು, ನಿಮಗೆ ಯಾರಿಂದ ಬರ್ಬೇಕು, ನಿಮ್ಮ ಹತ್ರ ಎಂತೆಂತ ಉಂಟು, ಎಲ್ಲ ಬರೆದು ಅಫಿಡವಿಟ್ ಹಾಕಿ. ನನ್ನ ಮೊದಲ ತಪ್ಪು ಆಗಿದ್ದು ಇಲ್ಲೇ. ಬ್ಯಾಂಕಿನ ಲೆಕ್ಕ ಪೈಸೆ ಪೈಸೆ ಬರೆದೆ, ಕೈಸಾಲ ಬರೆಯೋಕೆ ನಾಚಿಕೆ ಆಯ್ತು. ಅದಕ್ಕಿಂತ ದೊಡ್ಡದು, ಅರ್ಜಿ ಹಾಕೋಕೆ ಎರಡು ತಿಂಗಳು ಮುಂಚೆ ಹೋಟೆಲಿನ ಗ್ರೈಂಡರ್, ಭಟ್ಟಿ, ಫ್ರಿಜ್ ಮಾರಿದ ದುಡ್ಡಲ್ಲಿ ಕಲ್ಯಾಣದಲ್ಲಿರೋ ಭಾವನ 80 ಸಾವಿರ ಕೊಟ್ಟು ಮುಗಿಸಿದ್ದೆ, ಬೇರೆಯವರದ್ದು ಎಂತ ಬೇಕಾದ್ರೂ ಆಗ್ಲಿ, ಮನೆಯವರ ಮುಖ ನೋಡ್ಬೇಕಲ್ಲ ಅಂತ. ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಹೀಗೆ ಒಬ್ಬನಿಗೆ ಮಾತ್ರ ಬೇಕು ಅಂತ ಕೊಟ್ರೆ ಸಾಲ ಕೊಟ್ಟ ಉಳಿದವರಿಗೆ ಮೋಸ ಮಾಡಿದ ಹಾಗೆ, ಆ ದುಡ್ಡನ್ನ ಅಸೈನಿ ವಾಪಸ್ ಕೇಳಬಹುದು. ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಎಂಟ್ರಿ ಇತ್ತು, ಸಿಕ್ಕಿಬಿದ್ದೆ. ಭಾವನಿಗೆ ಸಮನ್ಸ್ ಹೋಯ್ತು. ಅವರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕ್ಕೊಂಡು, ಪಾಸ್‌ಬುಕ್ಕನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಕೊಂಡು ಸಿಎಸ್‌ಎಂಟಿ ಸ್ಟೇಷನ್ನಲ್ಲಿ ಕಾಯ್ತಾ ನಿಂತಿದ್ರು. "ಅಲ್ಲ ಭಾವ, ನನ್ನ ದುಡ್ಡು ನನಗೆ ಕೊಟ್ಟಿದ್ದಕ್ಕೆ ನಾನ್ಯಾಕೆ ಕೋರ್ಟಿಗೆ ಬರ್ಬೇಕು?" ಅಂತ ಒಂದೇ ಮಾತು ಕೇಳಿದ್ರು, ಆಮೇಲೆ ಕೋರ್ಟ್ ಇರೋ ಫೋರ್ಟ್ ತನಕ ನಡೆಯೋವಾಗ ಏನೂ ಮಾತಾಡ್ಲಿಲ್ಲ. ದುಡ್ಡು ಎರಡು ಕಂತಲ್ಲಿ ಅಸೈನಿಗೆ ಕಟ್ಟಿದ್ರು. ಹಾಗಾಗಿ ಶೆಡ್ಯೂಲಲ್ಲಿ ಭಾವ, ಷಡ್ಡಕ, ಗೆಳೆಯ, ಹಾಲಿನವ, ಚೀಟಿ ಫಂಡು, ಯಾರನ್ನೂ ಬಿಡಬೇಡಿ, ಮರೆತು ಹೋಗಿದ್ರೆ ನೆನಪಾದ ಕೂಡ್ಲೇ ವಕೀಲರಿಗೆ ಹೇಳಿ ಸೇರಿಸಿ. ಹಿಂದಿನ ಎರಡು ವರ್ಷದಲ್ಲಿ ಜಾಗ, ಮನೆ, ಗಾಡಿ ಯಾರ ಹೆಸರಿಗಾದ್ರೂ ಪುಕ್ಕಟೆ ಮಾಡಿಕೊಟ್ಟಿದ್ರೆ ಅದನ್ನೂ ಈಗ್ಲೇ ಬಾಯಿಬಿಡಿ, ಅದೂ ನಿಲ್ಲೋದಿಲ್ಲ. ಹೆಂಡತಿ ತವರಿಂದ ತಂದ ಚಿನ್ನ ಅವಳದ್ದು, ಆದ್ರೆ ಅವಳದ್ದೇ ಅನ್ನೋಕೆ ಬಿಲ್ಲೋ ಮದುವೆ ಫೋಟೋವೋ ಏನಾದ್ರೂ ತೆಗೆದಿಡಿ.

ಶೆಡ್ಯೂಲ್ ಕೊಟ್ಟ ಮೇಲೆ ಪ್ರೊಟೆಕ್ಷನ್ ಆರ್ಡರಿಗೆ ಅರ್ಜಿ ಹಾಕಬಹುದು, ಸಾಲದ ಡಿಕ್ರಿ ಮೇಲೆ ನಿಮ್ಮನ್ನ ಅರೆಸ್ಟ್ ಮಾಡಿ ಸಿವಿಲ್ ಜೈಲಿಗೆ ಹಾಕದ ಹಾಗೆ ರಕ್ಷಣೆ ಅದು. ಅದಕ್ಕೆ ನೀವು ಕಾನೂನು ಹೇಳಿದ ಹಾಗೆ ನಡ್ಕೊಂಡಿದ್ದೀರಿ ಅಂತ ಅಸೈನಿ ಸರ್ಟಿಫಿಕೇಟ್ ಬೇಕು. ಈ ಸರ್ಟಿಫಿಕೇಟ್ ಕೇಳೋಕೆ ಹೋದಾಗ್ಲೇ ನನಗೆ ಅರ್ಥ ಆಗಿದ್ದು, ಇಲ್ಲಿ ಎಲ್ಲ ದಾರಿಯೂ ಆ ಒಬ್ಬ ಅಧಿಕಾರಿ ನಿಮ್ಮ ಬಗ್ಗೆ ಎಂತ ಬರೀತಾರೆ ಅನ್ನೋದಕ್ಕೇ ಹೋಗಿ ಸೇರ್ತದೆ ಅಂತ.

ರಿಕವರಿ ಫೋನುಗಳು. ಆರ್ಡರ್ ಆದ ಮೇಲೆ ಸೆಕ್ಯೂರಿಟಿ, ಅಂದ್ರೆ ಅಡವು, ಇಲ್ಲದ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ದೆ ನಿಮ್ಮ ಮೇಲೆ ಹೊಸ ದಾವೆ ಹಾಕೋ ಹಾಗಿಲ್ಲ, ಆಸ್ತಿ ಮೇಲೆ ಕೈ ಹಾಕೋ ಹಾಗಿಲ್ಲ. ಆದ್ರೆ ರಿಕವರಿ ಏಜೆಂಟಿಗೆ ಅದು ಗೊತ್ತಿರೋದಿಲ್ಲ, ಅವನ ಲಿಸ್ಟಲ್ಲಿ ನಿಮ್ಮ ಹೆಸರು ಇನ್ನೂ ಉಂಟು. ನಾನು ಆರ್ಡರಿನ ಫೋಟೋ ಮೊಬೈಲಲ್ಲಿ ಇಟ್ಕೊಂಡು ಫೋನ್ ಮಾಡಿದವರಿಗೆಲ್ಲ ವಾಟ್ಸಾಪ್ ಮಾಡ್ತಿದ್ದೆ, ಬ್ಯಾಂಕುಗಳಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಾಪಿ ಕಳಿಸಿ ಅದರ ರಸೀದಿ ಫೈಲಲ್ಲಿ ಹಾಕಿದೆ, ಎರಡು ಮೂರು ತಿಂಗಳಲ್ಲಿ ಕಮ್ಮಿ ಆಯ್ತು. ಒಬ್ಬ ಮಾತ್ರ ನನ್ನ ಹೆಂಡತಿಯ ತಮ್ಮನಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ "ನಿಮ್ಮ ಭಾವ ಕಳ್ಳ" ಅಂದ. ರಿಸರ್ವ್ ಬ್ಯಾಂಕ್ ನಿಯಮ ಪ್ರಕಾರ ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ಮೇಲೆ ಸಾಲ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ, ಮನೆಯವರು ಗೆಳೆಯರ ಮುಂದೆ ಮಾನ ಕಳೆಯೋ ಹಾಗೂ ಇಲ್ಲ. ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬಾರದಿದ್ರೆ ಅಥವಾ ಬಂದ ಉತ್ತರ ಸರಿ ಇಲ್ದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಫೋನ್ ನಂಬರ್ 14448. ಒಂದು ವಿಷಯ ನೆನಪಿಡಿ, ಹೋಮ್ ಲೋನ್, ಕಾರ್ ಲೋನ್ ಹೀಗೆ ಅಡವು ಇಟ್ಕೊಂಡು ಕೊಟ್ಟವರಿಗೆ ಈ ತಡೆ ಇಲ್ಲ, ಅವರು ಅಡವಿಟ್ಟದ್ದನ್ನ ಜಪ್ತಿ ಮಾಡಿ ಮಾರಬಹುದು. ಚೆಕ್ ಬೌನ್ಸ್ ಕೇಸೂ ಬೇರೆ, ಅದು ಕ್ರಿಮಿನಲ್, ಅದರ ತಾರೀಕಿಗೆ ಹೋಗದೆ ದಿವಾಳಿ ಆರ್ಡರ್ ಉಂಟಲ್ಲ ಅಂತ ಮನೆಯಲ್ಲಿ ಕೂತ್ರೆ ವಾರಂಟ್ ಬರ್ತದೆ.

ಆಮೇಲೆ ಪಬ್ಲಿಕ್ ಎಕ್ಸಾಮಿನೇಷನ್. ಹೆಸರು ಕೇಳಿ ನಾನು ವಾರಗಟ್ಟಲೆ ನಿದ್ದೆ ಬಿಟ್ಟಿದ್ದೆ. ಕೋರ್ಟಲ್ಲಿ ಪ್ರಮಾಣ ಮಾಡಿ ನಿಲ್ಲಿಸಿ ನಿಮ್ಮ ವ್ಯವಹಾರ, ಆಸ್ತಿ, ನಡತೆ ಬಗ್ಗೆ ಕೇಳ್ತಾರೆ, ಸಾಲ ಕೊಟ್ಟವರೂ ಕೇಳಬಹುದು. ನನ್ನದಕ್ಕೆ ಒಬ್ಬ ಬ್ಯಾಂಕ್ ವಕೀಲರು ಬಂದಿದ್ರು, ಅವರು ಕೇಳಿದ ಮೂರನೇ ಪ್ರಶ್ನೆಗೇ ನಾನು ಸಿಕ್ಕಾಕಿಕೊಂಡೆ, "2019ರಿಂದ ಹೋಟೆಲಿನ ಲೆಕ್ಕದ ಪುಸ್ತಕ ಎಲ್ಲಿ?" ಹೋಟೆಲ್ ಲೆಕ್ಕ ಅಂದ್ರೆ ನಮ್ಮಲ್ಲಿ ಗಲ್ಲಾ ಕೆಳಗಿನ ಒಂದು ಉದ್ದ ಪುಸ್ತಕ, ಎಣ್ಣೆ ಕಲೆ, ಸಾಂಬಾರ್ ಕಲೆ, ಅದರಲ್ಲೂ 2020ರ ಪುಸ್ತಕ ಹೋಟೆಲ್ ಖಾಲಿ ಮಾಡೋವಾಗ ರದ್ದಿಗೆ ಹೋಗಿತ್ತು. ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ, ಅಂದಾಜಲ್ಲಿ ಒಂದು ನಂಬರ್ ಹೇಳಿ ಆಮೇಲೆ ಅದನ್ನ ಕಾಯೋಕೆ ಹತ್ತು ಸುಳ್ಳು ಹೇಳಬೇಡಿ. ತಾರೀಕು ತಪ್ಪಿಸಲೇಬೇಡಿ, ಮಳೆಗಾಲದಲ್ಲಿ ಕುರ್ಲಾದಲ್ಲಿ ಟ್ರ್ಯಾಕ್ ಮೇಲೆ ನೀರು ನಿಲ್ತದೆ ಅಂತ ಗೊತ್ತಿದ್ದವರು ಆ ದಿನ ಎರಡು ಗಂಟೆ ಮುಂಚೆ ಹೊರಡಿ.

ಇನ್ನು ಮಧ್ಯದ ಕಾಲ, ಉದ್ದದ್ದು ಇದೇ, ಜಾರಿ ಬೀಳೋದೂ ಇಲ್ಲೇ.

ಡಿಸ್ಚಾರ್ಜ್ ಆಗದ ದಿವಾಳಿದಾರ ತಾನು ದಿವಾಳಿ ಅಂತ ಹೇಳದೆ ಯಾರ ಹತ್ರಾನೂ 50 ರೂಪಾಯಿ ಅಥವಾ ಜಾಸ್ತಿ ಸಾಲ ತಗೊಂಡ್ರೆ ಅದು ಅಪರಾಧ, ಆರು ತಿಂಗಳ ತನಕ ಜೈಲು ಆಗಬಹುದು. ಐವತ್ತು ರೂಪಾಯಿ! 1909ರಲ್ಲಿ ಅದಕ್ಕೆ ಎಂತೆಂತ ಬರ್ತಿತ್ತೋ, ಈಗ ಎರಡು ವಡಾಪಾವ್ ತಿಂದು ಚಹಾ ಕುಡಿದ್ರೆ ಮುಗೀತು. ಆದ್ರೆ ಬರೆದಿರೋದು ಹಾಗೇ ಉಂಟು. ಒಂದಿನ ಡೊಂಬಿವಲಿಯಲ್ಲಿ ಮನೆ ಕೆಳಗಿನ ಕಿರಾಣಿಯಲ್ಲಿ ಸಾಮಾನು 690 ಆಯ್ತು, ಕಿಸೆಯಲ್ಲಿ 650. ಇಪ್ಪತ್ತು ವರ್ಷದ ಅಭ್ಯಾಸ, ಬಾಯಿಗೆ ತನ್ನಷ್ಟಕ್ಕೆ "ಬಾಕಿ ಬರ್ಕೊಳ್ಳಿ ಶೇಟ್" ಬಂತು, ಶೇಟ್ ಪುಸ್ತಕ ತೆಗೆದು ಪೆನ್ನಿನ ಕ್ಯಾಪ್ ತೆಗೆದೂ ಆಯ್ತು. ಕಾನೂನಿನ ಲೆಕ್ಕದಲ್ಲಿ ನನಗೆ ಇನ್ನೂ ಒಂಬತ್ತು ರೂಪಾಯಿ ಜಾಗ ಇತ್ತು ನೋಡಿ, ಆದ್ರೂ ಕೈಕಾಲು ತಣ್ಣಗಾಯ್ತು, "ಬೇಡ ಬೇಡ" ಅಂತ ಬಟ್ಟೆ ಸೋಪನ್ನ ವಾಪಸ್ ಇಟ್ಟೆ. ಶೇಟ್ ವಿಚಿತ್ರವಾಗಿ ನೋಡಿದ. ಹಾಗಂತ ಸಾಲ ತಗೊಳ್ಳಲೇಬಾರದು ಅಂತಲ್ಲ, ಹೇಳಿ ತಗೊಳ್ಳಿ ಅಂತ, ಹೇಳಿದ್ದಕ್ಕೆ ಒಂದು ಚೀಟಿ ಇರ್ಲಿ. ಆದ್ರೆ ಹೇಳಿದ ಮೇಲೆ ಯಾರು ಕೊಡ್ತಾರೆ, ಅದು ಬೇರೆ ಮಾತು. ಮೊಬೈಲಲ್ಲಿ "ಐದು ನಿಮಿಷದಲ್ಲಿ ಲೋನ್" ಅಂತ ಬರೋ ಆ್ಯಪ್‌ಗಳು, ಈಗ ತಗೋ ಆಮೇಲೆ ಕೊಡು ಅನ್ನೋ ಬಟನ್‌ಗಳು, ಇವನ್ನೆಲ್ಲ ಆವತ್ತೇ ಡಿಲೀಟ್ ಮಾಡಿ. ನಾನು ಮೊಬೈಲನ್ನೂ ಪೋಸ್ಟ್‌ಪೇಯ್ಡಿಂದ ಪ್ರೀಪೇಯ್ಡ್‌ಗೆ ಹಾಕಿದೆ, ಅಷ್ಟು ಬೇಕಿತ್ತೋ ಇಲ್ವೋ, ನಿದ್ದೆ ಚೆನ್ನಾಗಿ ಬಂತು.

ಎರಡನೇದು ಊರಿನ ಜಾಗ. ಕರಾವಳಿಯವರು, ಘಟ್ಟದ ಮೇಲಿನವರು, ಹುಬ್ಬಳ್ಳಿ ವಿಜಾಪುರದವರು ಎಲ್ಲ ಇದನ್ನ ಎರಡು ಸಲ ಓದಿ. ದಿವಾಳಿ ಆದ ದಿನ ಇದ್ದ ಆಸ್ತಿ ಮಾತ್ರ ಅಲ್ಲ, ಡಿಸ್ಚಾರ್ಜ್ ಆಗೋತನಕ ನಿಮಗೆ ಬರೋದೂ ಅಸೈನಿಗೇ ಸೇರಿದ್ದು, ಪಿತ್ರಾರ್ಜಿತ ಪಾಲು, ವಿಲ್ಲಲ್ಲಿ ಬಂದದ್ದು, ದಾನ ಬಂದದ್ದು, ಲಾಟರಿ ಹೊಡೆದ್ರೆ ಅದೂ. 2023ರಲ್ಲಿ ಅಪ್ಪ ತೀರಿಕೊಂಡ್ರು. ಕುಂದಾಪುರದ ಹತ್ರ 40 ಸೆಂಟ್ಸ್ ಜಾಗ, ಹಳೇ ಮನೆ, ಹತ್ತು ಹನ್ನೆರಡು ತೆಂಗು. ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಮುಗಿದು ಮೂರನೇ ದಿನ ತಮ್ಮ ಜಗಲಿಯಲ್ಲಿ ಕೂತ್ಕೊಂಡು "ಅಣ್ಣ, ನಿಂದು ಹೀಗೆ ಕೋರ್ಟು ಕಚೇರಿ ಅಂತ ಉಂಟಲ್ಲ, ನಿನ್ನ ಪಾಲನ್ನ ನನ್ನ ಹೆಸರಿಗೆ ಹಕ್ಕು ಬಿಡುಗಡೆ ಮಾಡಿಬಿಡು, ಆಮೇಲೆ ನೋಡ್ಕೊಳ್ಳುವ" ಅಂದ. ಅವನದ್ದು ತಪ್ಪಲ್ಲ, ಊರಲ್ಲಿ ಎಲ್ಲರೂ ಇದನ್ನೇ ಹೇಳೋದು, ಡಾಕ್ಯುಮೆಂಟ್ ಬರೆಯೋನೂ ಇದನ್ನೇ ಹೇಳ್ತಾನೆ. ಆದ್ರೆ ಆ ಪಾಲು ಆಗ್ಲೇ ನಂದಲ್ಲ, ಇಲ್ಲದ್ದನ್ನ ನಾನೆಲ್ಲಿಂದ ಬಿಟ್ಟುಕೊಡೋದು, ಕೊಟ್ರೆ ಆಸ್ತಿ ಅಡಗಿಸಿದ ಅಂತ ಕೇಸಾಗ್ತದೆ, ಡಿಸ್ಚಾರ್ಜಿಗೂ ಕಲ್ಲು ಬೀಳ್ತದೆ. ನಾನು ವಾಪಸ್ ಬಂದ ಕೂಡ್ಲೇ ಅಸೈನಿಗೆ ಪತ್ರ ಬರೆದು ಹೇಳಿದೆ. ತಮ್ಮ ಆರು ತಿಂಗಳು ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಕೊನೆಗೆ ನನ್ನ ಪಾಲಿಗೆ ಬೆಲೆ ಕಟ್ಟಿಸಿ, ಅವನೇ ದುಡ್ಡು ಕಟ್ಟಿ ಅಸೈನಿ ಹತ್ರದಿಂದ ತಗೊಂಡ, ಮನೆ ಮನೆಯಲ್ಲೇ ಉಳೀತು. ಅಮ್ಮ ಈಗ್ಲೂ ಅದೇ ಜಗಲಿಯಲ್ಲಿ ಕೂತು ಫೋನ್ ಮಾಡೋದು. ನಿಮ್ಮ ಮನೆಯಲ್ಲೂ ವಯಸ್ಸಾದವರಿದ್ರೆ, ವಿಲ್ ಬರೆಯೋ ಮಾತಿದ್ರೆ, ಅವರು ಬದುಕಿರುವಾಗ್ಲೇ ಅವರ ಆಸ್ತಿಯನ್ನ ಯಾರಿಗೆ ಕೊಡ್ಬೇಕು ಅನ್ನೋದು ಅವರ ಇಷ್ಟ, ಅದನ್ನ ಅವರು ಅವರ ವಕೀಲರ ಹತ್ರ ಕೇಳ್ಲಿ, ನೀವು ಅದರಲ್ಲಿ ಕೈ ಹಾಕಬೇಡಿ.

ಕೆಲಸ ಮಾಡಬಹುದಾ? ಮಾಡಬಹುದು, ಮಾಡ್ಲೇಬೇಕು. ನಾನು ಬೇರೆಯವರ ಹೋಟೆಲಲ್ಲಿ ಮ್ಯಾನೇಜರಾಗಿ ಸೇರಿದೆ, ತಿಂಗಳಿಗೆ 28 ಸಾವಿರ. ಸಂಬಳದಲ್ಲಿ ಒಂದು ಪಾಲು ಸಾಲ ಕೊಟ್ಟವರಿಗೆ ಹೋಗ್ಲಿ ಅಂತ ಕೋರ್ಟ್ ಹೇಳಬಹುದು, ಆದ್ರೆ ಪೂರ್ತಿ ಕಿತ್ಕೊಳ್ಳೋ ಹಾಗಿಲ್ಲ, ಸಿವಿಲ್ ಪ್ರೊಸೀಜರ್ ಕೋಡ್ ಪ್ರಕಾರ ಮೊದಲ 1,000 ಮತ್ತೆ ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟೋ ಹಾಗಿಲ್ಲ. ನನ್ನ ಲೆಕ್ಕದಲ್ಲಿ 28 ಸಾವಿರದಲ್ಲಿ 19 ಸಾವಿರ ಸೇಫ್, ಮೇಲಿನ 9 ಸಾವಿರದಲ್ಲಿ ಮಗಳ ಫೀಸು, ಅಮ್ಮನ ಔಷಧಿ ತೋರಿಸಿದ್ದಕ್ಕೆ 4,000 ಅಂತ ಆಯ್ತು. ಪಿಎಫ್ ದುಡ್ಡನ್ನ ಅಸೈನಿ ಮುಟ್ಟೋ ಹಾಗಿಲ್ಲ ಅಂತ ಪಿಎಫ್ ಕಾನೂನಲ್ಲೇ ಸ್ಪಷ್ಟ ಉಂಟು, ಹಾಗಾಗಿ ಹೆದರಿ ಪಿಎಫ್ ತೆಗೆದು ಮನೆಯಲ್ಲಿ ಇಡಬೇಡಿ, ತೆಗೆದು ಕೈಗೆ ಬಂದ ಮೇಲೆ ಕಥೆ ಬೇರೆ ಆದೀತು. ಮನೆಯ ಪಾತ್ರೆ, ಹಾಸಿಗೆ, ಬಟ್ಟೆ, ಕೆಲಸದ ಸಲಕರಣೆ ನಿಮ್ಮ ಹತ್ರಾನೇ ಇರ್ತದೆ ಅಂತ ಕಾನೂನು ಹೇಳ್ತದೆ, ಎಲ್ಲ ಸೇರಿ 300 ರೂಪಾಯಿ ಬೆಲೆಯ ತನಕ ಅಂತಾನೂ ಹೇಳ್ತದೆ, ಈಗ ಆ ದುಡ್ಡಿಗೆ ಒಂದು ಒಳ್ಳೆ ತವಾ ಬರೋದಿಲ್ಲ. ನಮ್ಮ ಮನೆಗೆ ಯಾರೂ ಬಂದು ಪಾತ್ರೆ ಎಣಿಸ್ಲಿಲ್ಲ, ಅದಕ್ಕೆ ಹೆದರಬೇಡಿ.

ಮಾಡಬಾರದ್ದು ಬೇಗ ಹೇಳಿ ಮುಗಿಸ್ತೇನೆ. ಕಂಪನಿ ಡೈರೆಕ್ಟರ್ ಆಗೋ ಹಾಗಿಲ್ಲ, ಎಲ್ಎಲ್‌ಪಿ ಪಾರ್ಟ್ನರ್ ಆಗೋ ಹಾಗಿಲ್ಲ, ಮಾಮೂಲಿ ಪಾರ್ಟ್ನರ್‌ಶಿಪ್ಪಲ್ಲಿ ಇದ್ರೆ ಆರ್ಡರ್ ಆದ ದಿನಾನೇ ಪಾರ್ಟ್ನರ್ ಅಲ್ಲ ಅಂತ ಲೆಕ್ಕ, ಎಂಎಲ್‌ಎ ಎಂಪಿ ಚುನಾವಣೆಗೆ ನಿಲ್ಲೋ ಆಸೆ ಇದ್ರೆ ಅದೂ ಆಗೋದಿಲ್ಲ, ಸಂವಿಧಾನದಲ್ಲೇ ಬರೆದಿದೆ. ಮಸ್ಕತ್ತಲ್ಲೋ ದುಬೈಯಲ್ಲೋ ಕೆಲಸ ಸಿಕ್ತು ಅಂತ ಹೇಳದೆ ಕೇಳದೆ ವಿಮಾನ ಹತ್ತಬೇಡಿ, ತಪ್ಪಿಸ್ಕೊಂಡು ಹೋಗ್ತಿದ್ದಾನೆ ಅಂತ ಕೋರ್ಟಿಗೆ ಅನಿಸಿದ್ರೆ ಅರೆಸ್ಟ್ ಮಾಡಿಸೋ ಅಧಿಕಾರ ಉಂಟು, ಮೊದಲು ಅನುಮತಿ ಕೇಳಿ. ಮನೆ ಬದಲಾಯಿಸಿದ್ರೆ ಅದೇ ವಾರ ಹೊಸ ವಿಳಾಸ ಕೊಡಿ. ಗಣೇಶೋತ್ಸವದ ಕಮಿಟಿಯಲ್ಲಿ ನಾನು ಖಜಾಂಚಿ ಆಗಿದ್ದೆ, ಯಾವ ಕಾನೂನೂ ಬಿಡು ಅಂತ ಹೇಳಿರ್ಲಿಲ್ಲ, ನಾನೇ ಪುಸ್ತಕ ಒಪ್ಪಿಸಿ ಬಂದೆ, ಜನ ಬಾಯಿಬಿಟ್ಟು ಹೇಳೋ ಮುಂಚೆ ಎದ್ದು ಬಂದ್ರೆ ಮರ್ಯಾದೆ ಉಳೀತದೆ ಅಂತ.

ಈಗ ಪುಸ್ತಕದ ವಿಷಯ. ಭಾವನ ಕಥೆ, ರದ್ದಿಗೆ ಹೋದ ಲೆಕ್ಕದ ಕಥೆ ಆದ ಮೇಲೆ ನನಗೆ ಬುದ್ಧಿ ಬಂತು. ಸ್ಟೇಷನ್ ಹತ್ರ 60 ರೂಪಾಯಿ ಕೊಟ್ಟು ಒಂದು ಉದ್ದ ನೋಟ್‌ಬುಕ್ ತಂದೆ. ದಿನಾ ರಾತ್ರಿ ಬಂದದ್ದೆಷ್ಟು, ಖರ್ಚೆಷ್ಟು, ಯಾರಿಗೆ ಅಂತ ಬರೆದೆ, ಲೋಕಲ್ ಟ್ರೈನ್ ಪಾಸು, ಹಾಲು, ಗ್ಯಾಸು, ಸೊಸೈಟಿ ಮೆಂಟೇನೆನ್ಸ್, ಮಗಳ ಹುಟ್ಟುಹಬ್ಬಕ್ಕೆ ತಂದ ಅರ್ಧ ಕಿಲೋ ಕೇಕು ಸಹ. ಒಂದೇ ಬ್ಯಾಂಕ್ ಖಾತೆ ಇಟ್ಕೊಂಡೆ, ಸಂಬಳ ಅದಕ್ಕೇ, ಖರ್ಚು ಅದರಿಂದಾನೇ, ಹೆಂಡತಿ ಖಾತೆಗೆ ನನ್ನ ದುಡ್ಡು ಹಾಕಿ ಓಡಾಡಿಸೋ ಕೆಲಸ ಇಲ್ಲ. ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಪುಸ್ತಕದ ಹಿಂದೆ ಪಿನ್ ಮಾಡ್ತಿದ್ದೆ. ಇಡೀ ಹೋಟೆಲ್ ನಡೆಸೋವಾಗ ಇಷ್ಟು ಸರಿಯಾಗಿ ಲೆಕ್ಕ ಇಟ್ಟಿದ್ರೆ ದಿವಾಳೀನೇ ಆಗ್ತಿರ್ಲಿಲ್ಲ ಅಂತ ಹೆಂಡತಿ ಹೇಳ್ತಾಳೆ, ಅದು ಪೂರ್ತಿ ನಿಜ ಅಲ್ಲ, ಸ್ವಲ್ಪ ನಿಜ.

ಡಿಸ್ಚಾರ್ಜ್ ಅರ್ಜಿಯನ್ನ ದಿವಾಳಿ ಆರ್ಡರ್ ಆದ ಮೇಲೆ ಯಾವಾಗ ಬೇಕಾದ್ರೂ ಹಾಕಬಹುದು, ಆದ್ರೆ ಪಬ್ಲಿಕ್ ಎಕ್ಸಾಮಿನೇಷನ್ ಮುಗಿಯದೆ, ಅಥವಾ ಅದು ಬೇಡ ಅಂತ ಕೋರ್ಟೇ ಬಿಡದೆ, ವಿಚಾರಣೆಗೆ ತಗೊಳ್ಳೋದಿಲ್ಲ. ಪುಣೆ ಕಡೆ ಎಷ್ಟು ಸಮಯದೊಳಗೆ ಹಾಕ್ಬೇಕು ಅಂತ ದಿವಾಳಿ ಆರ್ಡರಲ್ಲೇ ಬರೆದಿರ್ತಾರೆ, ಇವತ್ತೇ ನಿಮ್ಮ ಆರ್ಡರ್ ತೆಗೆದು ಆ ಸಾಲು ಹುಡುಕಿ, ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಆ ಸಮಯ ದಾಟಿದ್ರೆ, ಅಥವಾ ಅರ್ಜಿ ಹಾಕಿ ತಾರೀಕಿಗೆ ಹೋಗದಿದ್ರೆ ದಿವಾಳಿ ಆರ್ಡರೇ ರದ್ದಾಗಬಹುದು. ರದ್ದಾದ್ರೆ ಒಳ್ಳೇದಲ್ವಾ ಅಂತ ಒಬ್ಬರು ನನ್ನ ಹತ್ರ ಕೇಳಿದ್ರು. ಅಲ್ಲ, ಸಾಲ ಎಲ್ಲ ವಾಪಸ್ ತಲೆ ಮೇಲೆ, ರಕ್ಷಣೆ ಇಲ್ಲ, ಎಲ್ಲಿಂದ ಹೊರಟಿದ್ದೋ ಅಲ್ಲಿಗೇ.

ವಿಚಾರಣೆ ದಿನಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಸಾಲ ಕೊಟ್ಟವರಿಗೆ ನೋಟಿಸ್ ಹೋಗ್ತದೆ, ಅವರು ಬಂದು ಬೇಡ ಅನ್ನಬಹುದು. ಕೋರ್ಟ್ ಮುಖ್ಯವಾಗಿ ನೋಡೋದು ಅಸೈನಿ ರಿಪೋರ್ಟು. ನಿಮ್ಮ ಆಸ್ತಿ ಮಾರಿದ್ರೆ ಸೆಕ್ಯೂರಿಟಿ ಇಲ್ಲದ ಸಾಲಕ್ಕೆ ರೂಪಾಯಿಗೆ ನಾಲ್ಕಾಣೆಯಾದ್ರೂ ಬರ್ತದಾ, ಹೌದು ಆಣೆ ಲೆಕ್ಕಾನೇ, ಪುಣೆ ಕಾನೂನಲ್ಲಿ ಎಂಟಾಣೆ. ಬರದಿದ್ರೆ ಅದು ನಿಮ್ಮ ತಪ್ಪಲ್ಲದ ಕಾರಣಕ್ಕೆ ಅಂತ ತೋರಿಸ್ಬೇಕು, ನಾನು ಲಾಕ್‌ಡೌನ್ ತೋರಿಸಿದೆ. ಹಿಂದಿನ ಮೂರು ವರ್ಷದ ಲೆಕ್ಕದ ಪುಸ್ತಕ ಉಂಟಾ, ಮುಳುಗಿದ್ದೇನೆ ಅಂತ ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ರಾ, ತೀರಿಸೋ ದಾರಿ ಇಲ್ಲದೆ ಸಾಲ ಎತ್ತಿದ್ರಾ, ಜೂಜು, ಸಟ್ಟಾ, ಅತಿ ಖರ್ಚು, ಒಬ್ಬನಿಗೆ ಮಾತ್ರ ಕೊಟ್ಟದ್ದು, ಮುಂಚೆ ದಿವಾಳಿ ಆಗಿದ್ದು, ಇಂಥದ್ರಲ್ಲಿ ಒಂದು ಸಾಬೀತಾದ್ರೂ ಷರತ್ತಿಲ್ಲದ ಡಿಸ್ಚಾರ್ಜ್ ಸಿಗೋ ಹಾಗಿಲ್ಲ, ಇಲ್ಲ ಅನ್ನಬಹುದು, ಇಷ್ಟು ಕಾಲ ತಡೆಹಿಡಿಯಬಹುದು, ಇಷ್ಟು ಕಟ್ಟಿದ ಮೇಲೆ ಅನ್ನಬಹುದು. ನನ್ನದರಲ್ಲಿ ಪುಸ್ತಕ ಇಲ್ಲದ್ದೂ ಭಾವನ 80 ಸಾವಿರವೂ ಎರಡೂ ಬಂತು. ಆದ್ರೆ ಅದೇ ರಿಪೋರ್ಟಲ್ಲಿ ಜಾಗದ ವಿಷಯ ತಾನಾಗಿ ತಿಳಿಸಿದ್ದಾರೆ, ಆಮೇಲಿನ ಲೆಕ್ಕ ಸರಿ ಇಟ್ಟಿದ್ದಾರೆ ಅಂತಾನೂ ಎರಡು ಸಾಲು ಇತ್ತು. ಡಿಸ್ಚಾರ್ಜ್ ಕೊಟ್ರು, ಒಂದು ವರ್ಷ ತಡೆದು. ಆ 60 ರೂಪಾಯಿ ಪುಸ್ತಕ ಇಲ್ದಿದ್ರೆ ಎಷ್ಟು ವರ್ಷ ಹೇಳ್ತಿದ್ರೋ.

ಡಿಸ್ಚಾರ್ಜ್ ಆದ್ರೂ ಹೋಗದ ಸಾಲ ಉಂಟು, ಮುಂಚೆನೇ ತಿಳ್ಕೊಳ್ಳಿ. ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ಬಾಕಿ, ನನಗೆ ಜಿಎಸ್‌ಟಿ ಸ್ವಲ್ಪ ಇತ್ತು, ಅದು ಹಾಗೇ ನಿಂತಿತು. ಮೋಸ ಮಾಡಿ ಎತ್ತಿದ ಸಾಲ, ಹೆಂಡತಿ ಮಕ್ಕಳಿಗೆ ಕೋರ್ಟ್ ಹೇಳಿದ ಜೀವನಾಂಶ ಕೂಡ ಹೋಗೋದಿಲ್ಲ. ಮತ್ತೆ ನಿಮ್ಮ ಸಾಲಕ್ಕೆ ಜಾಮೀನು ಹಾಕಿದವನು ಬಿಡುಗಡೆ ಆಗೋದಿಲ್ಲ. ನಿಮಗೆ ಡಿಸ್ಚಾರ್ಜ್ ಆದ ಖುಷಿಯಲ್ಲಿ ಪೇಡೆ ಹಂಚೋಕೆ ಅವನ ಮನೆಗೆ ಹೋಗಬೇಡಿ, ಬ್ಯಾಂಕಿನವರು ಆಗ್ಲೇ ಅಲ್ಲಿ ಕೂತಿರಬಹುದು. ಅವನಿಗೆ ಮೊದಲೇ ಹೇಳಿ ಒಬ್ಬ ವಕೀಲರನ್ನ ನೋಡೋಕೆ ಹೇಳೋದು ನಿಮ್ಮ ಜವಾಬ್ದಾರಿ.

ಆರ್ಡರ್ ಕೈಗೆ ಬಂದ ದಿನ ಸರ್ಟಿಫೈಡ್ ಕಾಪಿ ನಾಲ್ಕೈದು ಒಟ್ಟಿಗೆ ತಗೊಳ್ಳಿ, ಒಂದೊಂದಕ್ಕೆ ಮತ್ತೆ ಮತ್ತೆ ಫೋರ್ಟಿಗೆ ಅಲೆಯೋದು ಬೇಡ. ನಿಮ್ಮದು ದುರದೃಷ್ಟದಿಂದ ಆದದ್ದು, ದುರ್ನಡತೆಯಿಂದಲ್ಲ ಅಂತ ಕೋರ್ಟ್ ಸರ್ಟಿಫಿಕೇಟ್ ಕೊಡೋದುಂಟು, ಮುಂದೆ ಸ್ಥಳೀಯ ಸಂಸ್ಥೆ ಚುನಾವಣೆಗೆ ನಿಲ್ಲೋ ವಿಚಾರ ಇದ್ರೆ ಅದಕ್ಕೂ ವಕೀಲರ ಹತ್ರ ಕೇಳಿಸಿ. ತಡೆಹಿಡಿದ ಡಿಸ್ಚಾರ್ಜ್ ಆದ್ರೆ ತಡೆ ಮುಗಿಯೋ ತಾರೀಕಿನ ತನಕ ಮೇಲಿನ ಎಲ್ಲ ನಿಯಮ ಹಾಗೇ, ಐವತ್ತು ರೂಪಾಯಿದೂ. ಆಮೇಲೆ ಶೆಡ್ಯೂಲಲ್ಲಿದ್ದ ಪ್ರತಿ ಬ್ಯಾಂಕಿಗೂ ಕಾಪಿ ಕಳಿಸಿ, ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ನಮ್ಮ ಸಾಲದ ದಾಖಲೆ ಇಡೋ ಈ ನಾಲ್ಕು ಕಂಪನಿಗಳಲ್ಲೂ ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ ಸಿಗ್ತದೆ, ತೆಗೆದು ಸಾಲು ಸಾಲು ನೋಡಿ. ನನ್ನದರಲ್ಲಿ ಒಂದು ಕಾರ್ಡ್ ಸಾಲ ಇನ್ನೂ ಬಾಕಿ, ಬಡ್ಡಿ ಬೆಳೀತಾ ಉಂಟು ಅಂತ ತೋರಿಸ್ತಿತ್ತು. ಆನ್‌ಲೈನಲ್ಲಿ ಡಿಸ್ಪ್ಯೂಟ್ ಹಾಕಿ ಆರ್ಡರ್ ಅಪ್‌ಲೋಡ್ ಮಾಡಿದೆ, 30 ದಿನದಲ್ಲಿ ಸರಿ ಮಾಡ್ಬೇಕು, ದಾಟಿದ್ರೆ ದಿನಕ್ಕೆ 100 ರೂಪಾಯಿ ನಮಗೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ಇವತ್ತಿಗೆ 26 ದಿನ, ಅದನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.